ಒಲೆಯಲ್ಲಿ ಬೆಂದ ಸಿಡಿಲುಗಲ್ಲು

ಜೂನ್ ೩, ಮಂಗಳವಾರ

ಇಂದಿನಿಂದ ನಾನು ಗಡೀಪಾರಾದವಳು. ಮುಂದಿನ ಪೀಳಿಗೆಗಳ ತಿಳಿವಳಿಕೆಗಾಗಿ ಕಾರಣವನ್ನು ದಾಖಲಿಸುತ್ತಿದ್ದೇನೆ. ಕೋಪನ್‌ಹೇಗನ್ನಿನ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದಾಗ ಬೇಯಿಸಿದರೆ ಗಟ್ಟಿಯಾಗುವ ಪಾಲಿಮರ್ ಕ್ಲೇ ಎಂಬ ಪ್ಲಾಸ್ಟಿಕ್ ಜೇಡಿಯಲ್ಲಿ ಒಂದು ಸ್ಟ್ರಾಬೆರಿ ಕೇಕ್ ಮಾಡಿ, ಗಾಜಿನ ಪೆಟ್ಟಿಗೆಯೊಳಗೆ ನಿಜವಾದ ಕೇಕುಗಳ ನಡುವೆ ಕೂರಿಸಿದೆ. ಅದು ಕಲೆ. ಅದನ್ನು ಒಬ್ಬ ಗೌರವಾನ್ವಿತ ಗಿರಾಕಿ ಕೊಂಡು ಅಲ್ಲೇ ಕಚ್ಚಿದರು. ಅದು ಅವರ ಆತುರ. ಆದರೂ ಮನೆಗೆ ಹೋಗು ಎಂದು ಹೇಳಿಸಿಕೊಂಡವಳು ನಾನು. ಹೀಗೆ ಆಸ್ತಾ ಎಂಬ ಹತ್ತೊಂಬತ್ತು ವರ್ಷದ ಪ್ರತಿಭೆಯ ವೃತ್ತಿಜೀವನ ಯಾರದೋ ಕಟ್ಟಿಸಿದ ಹಲ್ಲಿನ ಜೊತೆಗೇ ಮುರಿದುಬಿತ್ತು.

"ಕೈ ಅಷ್ಟೊಂದು ಕಡೀತಿದ್ರೆ ಹೋಗಿ ನಿಮ್ಮತ್ತೆಗೆ ಕೆಲಸ ಮಾಡ್ಕೊಡು" ಎಂದು ಅಪ್ಪ ಮ್ಯೋನ್ ದ್ವೀಪದ ಬಸ್ಸು ಹತ್ತಿಸಿದರು.

ಬೋದಿಲ್ ಅತ್ತೆ ಅಪ್ಪನ ಅಕ್ಕ. ಸೈಕಲ್ಲಿನಿಂದ ಬಿದ್ದು ಬಲ ಮುಂಗೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದಾಳೆ. ಅವಳ ಕಸುಬು ಖೋಟಾ ಪಳೆಯುಳಿಕೆ. ಇಲ್ಲಿನ ಸುಣ್ಣದ ಬಂಡೆಯಿಂದ ಏಳು ಕೋಟಿ ವರ್ಷ ಹಳೆಯ ಸುರುಳಿಗಳು, ಚಿಪ್ಪುಗಳು ಕಲ್ಲಾಗಿ ಉದುರುತ್ತವಲ್ಲ, ಅವನ್ನು ನೋಡಿಕೊಂಡು ಕ್ಲೇಯಲ್ಲಿ ಮಣಿ, ಪದಕ, ಓಲೆ ಮಾಡುತ್ತಾಳೆ. ಶನಿವಾರ ಬಂದರಿನ ಸಂತೆಯಲ್ಲಿ ಮೇಜು ಹಾಕುತ್ತಾಳೆ. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಕೆಲಸ ಬಿಟ್ಟದ್ದೇ ಆ ಮೇಜನ್ನು ನಂಬಿಕೊಂಡು.

ಈಗ ಆ ಮೇಜಿಗೇ ಕುತ್ತು. ಇಪ್ಪತ್ತಾರನೇ ತಾರೀಖು ಸಂತೆಯ ಸಮಿತಿ ಸೇರಿ, ಈ ಬೇಸಿಗೆಗೆ ಯಾರ ಮೇಜು ಉಳಿಯಬೇಕು, ಯಾರದು ಏಳಬೇಕು ಎಂದು ತೀರ್ಮಾನಿಸುತ್ತದಂತೆ. ಅಲ್ಲಿ ಎಲ್ಲರೂ ಕೇಳುವುದು ಐನಾರಜ್ಜ ಎಂಬುವರ ಮಾತು. ಅರ್ಧ ಆಯುಷ್ಯ ಬಂಡೆಯ ಬುಡದಲ್ಲೇ ಕಳೆದು, ನಿಜವಾದ ಪಳೆಯುಳಿಕೆ ಆರಿಸಿ ಮಾರುವವರು. ಪ್ಲಾಸ್ಟಿಕ್ ಕಲ್ಲಿಗೆ ಬಂದರಿನಲ್ಲಿ ಜಾಗವಿಲ್ಲ ಎಂದು ಈಗಾಗಲೇ ಸಾರಿಬಿಟ್ಟಿದ್ದಾರೆ.

"ಮೇಜು ಹೋದ್ರೆ ಏನ್ಮಾಡ್ತೀಯ ಅತ್ತೆ?"

"ಮತ್ತೆ ಮೀನಿನ ಡಬ್ಬಿ. ಈ ಕೈ ನೋಡಿದ್ರೆ ಮೀನೂ ನಗುತ್ತೆ."

ನಕ್ಕಳು. ಆದರೆ ಕಾಫಿ ಆರುವವರೆಗೂ ಲೋಟ ಎತ್ತಲಿಲ್ಲ.

ಜೂನ್ ೪, ಬುಧವಾರ

ವಿದ್ಯಾರಂಭ. ಅತ್ತೆ ಕುರ್ಚಿಯಲ್ಲಿ ಕೂತು ಆಜ್ಞೆ ಹೊರಡಿಸುತ್ತಾಳೆ, ನಾನು ದುಡಿಯುತ್ತೇನೆ. ಬಿಳಿ ಕ್ಲೇಗೆ ಮಸುಕುಗಾಜಿನಂಥ ಇನ್ನೊಂದು ಕ್ಲೇ ಬೆರೆಸಿ ಬೆರಳು ಬಿದ್ದುಹೋಗುವಂತೆ ನಾದಬೇಕು. ಚಿಟಿಕೆ ಕಾಳುಮೆಣಸಿನ ಪುಡಿ, ಚಿಟಿಕೆ ಮರಳು. ಅಚ್ಚಿಗೆ ಜೋಳದ ಹಿಟ್ಟು ಉದುರಿಸಿ ಒತ್ತಿ ಬಿಡಿಸಬೇಕು. ಓವನ್ನಿನಲ್ಲಿ ಹದವಾದ ಬಿಸಿಗೆ ಬೇಯಿಸಿ, ಆರಿದ ಮೇಲೆ ಕಂದು ಬಣ್ಣ ಬಳಿದು ಒರೆಸಿಬಿಡಬೇಕು. ಗೆರೆಗಳ ಸಂದಿಯಲ್ಲಿ ಎಷ್ಟು ಉಳಿಯಿತೋ ಅಷ್ಟು ವಯಸ್ಸು. ಕೊನೆಗೆ ನೀರಿನಲ್ಲಿ ಉಪ್ಪುಕಾಗದ ಹಿಡಿದು ತಿಕ್ಕಿ, ಹಳೇ ಜೀನ್ಸ್ ಬಟ್ಟೆಯಿಂದ ಉಜ್ಜಬೇಕು.

ನನ್ನ ಮೊದಲ ಸುರುಳಿ ಬ್ರೆಡ್ಡಿಗೆ ಸವರುವ ಲಿವರಿನ ಬಣ್ಣಕ್ಕೆ ಬಂತು.

"ಇದು ಏಳು ಕೋಟಿ ವರ್ಷದ್ದಲ್ಲ ಕಣೇ, ನಿನ್ನೆ ಮಧ್ಯಾಹ್ನದ್ದು" ಎಂದಳು ಅತ್ತೆ.

ಇನ್ನೊಂದು ಅವಮಾನಕರ ನಿಯಮವಿದೆ. ಬೇಯಿಸುವ ಮೊದಲು ಪ್ರತಿಯೊಂದರ ಬೆನ್ನಿಗೂ ಹೆಬ್ಬೆಟ್ಟು ಒತ್ತಬೇಕು. ಕೈಯಲ್ಲಿ ಮಾಡಿದ್ದೆಂದು ಕೊಂಡವರಿಗೆ ತಿಳಿಯಲಿ ಅಂತ.

"ಕಳ್ಳಿ ತಾನಾಗೇ ಬೆರಳಚ್ಚು ಬಿಟ್ಟು ಹೋಗೋದಾ ಅತ್ತೆ?"

"ನಾವು ಕಳ್ಳಿಯರಲ್ಲವಲ್ಲ. ಒತ್ತು."

ಒತ್ತಿದೆ. ಪ್ರತಿಭಟನೆಯೊಂದಿಗೆ.

ಜೂನ್ ೭, ಶನಿವಾರ

ಸಂತೆ. ಎಡಗಡೆ ಹೊಗೆಯಾಡಿಸಿದ ಹೆರಿಂಗ್ ಮೀನು, ಬಲಗಡೆ ಉಣ್ಣೆಯ ಕಾಲುಚೀಲ, ನಡುವೆ ನಾವು. ಒಬ್ಬ ಹೆಂಗಸು ನನ್ನ ಸುರುಳಿ ಪದಕವನ್ನು ಎತ್ತಿ ಹಿಡಿದು, "ಇದು ನಿಜವಾದ್ದಾ?" ಎಂದು ಕೇಳಿದಳು. ಇದನ್ನು ಒಂದು ತಿಮಿಂಗಿಲ ನುಂಗಿ, ಅದನ್ನು ಇನ್ನೊಂದು ತಿಮಿಂಗಿಲ ನುಂಗಿ, ಹಾಗೆ ವಂಶಪಾರಂಪರ್ಯವಾಗಿ ನಮ್ಮ ಮನೆತನಕ್ಕೆ ಬಂತು ಎಂದು ವಿವರಿಸುತ್ತಿದ್ದೆ. ಅತ್ತೆ ಮೇಜಿನ ಕೆಳಗೆ ಒದ್ದಳು. ಕೈ ಮುರಿದಿದ್ದರೂ ಕಾಲಿನ ಶಕ್ತಿ ಕುಂದಿಲ್ಲ.

ಅಷ್ಟರಲ್ಲಿ ಐನಾರಜ್ಜ ಬಂದರು. ಉದ್ದನೆಯ ಆಳು. ಕೋಟಿನ ಜೇಬುಗಳು ಕಲ್ಲಿನ ಭಾರಕ್ಕೆ ಮೊಣಕಾಲಿನವರೆಗೆ ಜೋತುಬಿದ್ದಿವೆ. ಎಲ್ಲ ಕೇಳಿಸಿಕೊಂಡಿದ್ದರು.

"ನಾನು ಕಲ್ಲು ಮಾರ್ತೀನಮ್ಮ. ನೀನು ತಿಮಿಂಗಿಲ ಮಾರ್ತಿದ್ದೀಯ."

"ನಿಮ್ಮ ಕಲ್ಲಿಗೂ ಇದಕ್ಕೂ ಏನು ವ್ಯತ್ಯಾಸ ಅಜ್ಜ? ನೋಡೋಕೆ ಒಂದೇ ಥರ ಇದೆ."

"ನೋಡೋರಿಗೆ ಇರಬಹುದು. ನನ್ನ ಕಿವಿ ಮೇಲೆ ಹೂ ಇಡೋಕೆ ಇನ್ನೂ ಯಾರೂ ಹುಟ್ಟಿಲ್ಲ."

ಈ ಮೂಲಕ ಯುದ್ಧ ಘೋಷಿಸಲಾಗಿದೆ. ಯೋಜನೆ ಸರಳ. ಐನಾರಜ್ಜ ನಿಜವೆಂದು ನಂಬಿ ಜೇಬಿಗಿಳಿಸುವಂಥ ಒಂದೇ ಒಂದು ಕಲ್ಲನ್ನು ಮಾಡುವುದು. ಇಪ್ಪತ್ತಾರರಂದು ಅವರು ಎದ್ದುನಿಂತು ಅತ್ತೆಯ ಮೇಜು ಎತ್ತಿಸಿ ಎನ್ನುವಾಗ, ನಾನೂ ಎದ್ದುನಿಂತು ವಿನಯದಿಂದ, "ಜೇಬಿನಲ್ಲಿರೋದು ಏನಜ್ಜ?" ಎಂದು ಕೇಳುವುದು. ಸಮಿತಿ ನಗುತ್ತದೆ, ಮೇಜು ಉಳಿಯುತ್ತದೆ. ಅತ್ತೆಗೆ ಸದ್ಯ ಹೇಳುವುದು ಬೇಡ. ಅವಳಿಗೆ ಯುದ್ಧನೀತಿ ತಿಳಿಯದು.

ಜೂನ್ ೧೦, ಮಂಗಳವಾರ

ಬೇಗ ಬೇಯಲಿ ಎಂದು ಬಿಸಿ ಏರಿಸಿದೆ. ಅಡುಗೆಮನೆ ತುಂಬ ಹೊಗೆ, ಅತ್ತೆ ರಾತ್ರಿಯುಡುಪಿನಲ್ಲೇ ಅಂಗಳಕ್ಕೆ. ಮಣಿಗಳೆಲ್ಲ ಇದ್ದಿಲು.

ಜೂನ್ ೧೩, ಶುಕ್ರವಾರ

ಇವತ್ತೊಂದು ಸಂಗತಿ ನಡೆಯಿತು. ಮಸುಕುಗಾಜಿನ ಕ್ಲೇ ಹೆಚ್ಚು ಹಾಕಿದ್ದೆ. ಓವನ್ನಿನ ಹಿಂಬದಿಗಿದ್ದ ಎರಡು ಮಣಿ ಸ್ವಲ್ಪ ಹೆಚ್ಚು ಬೆಂದವು. ಸುಡಲಿಲ್ಲ. ಅಂಚಿನಲ್ಲಿ ಜೇನಿನ ಬಣ್ಣ ಏರಿ ಒಳಗೊಳಗೆ ಬಿಳಿ ಉಳಿದಿತ್ತು, ಕಡಲದಂಡೆಯಲ್ಲಿ ಒದ್ದೆಯಾದ ಚಕಮಕಿ ಕಲ್ಲಿನ ಹಾಗೆಯೇ. ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದನ್ನ ಇನ್ನೊಂದ್ಸಲ ಮಾಡ್ತೀಯಾ?"

"ಹೇಗಾಯ್ತು ಅಂತ ಗೊತ್ತಿದ್ರೆ ತಾನೆ?"

"ಹಾಗಾದ್ರೆ ಗೊತ್ತು ಮಾಡ್ಕೋ."

ಇಡೀ ದಿನ ಓವನ್ನಿನ ಮುಂದೆ ಮಂಡಿಯೂರಿ ಕಳೆದೆ. ಎಲ್ಲಿ ಇಟ್ಟರೆ ಎಷ್ಟು ಹೊತ್ತಿಗೆ ಯಾವ ಬಣ್ಣ ಎಂದು ನೋಡುತ್ತ ಊಟ ಮರೆತೆ. ಇದೆಲ್ಲ ಯುದ್ಧಸಿದ್ಧತೆ, ಬೇರೇನೂ ಅಲ್ಲ.

ಜೂನ್ ೧೬, ಸೋಮವಾರ

ಆಯುಧ ಸಿದ್ಧ. ಅತ್ತೆಯ ಬಳಿ ಕಲ್ಲಾದ ಕಡಲಜೀವಿಯೊಂದಿದೆ. ಬನ್ನಿನಂತೆ ಗುಂಡಗೆ, ನೆತ್ತಿಯಿಂದ ಐದು ಗೆರೆ ಇಳಿದು ನಕ್ಷತ್ರ. ಇಲ್ಲಿಯವರು ಇದನ್ನು ಸಿಡಿಲುಗಲ್ಲು ಎನ್ನುತ್ತಾರೆ, ಕಿಟಕಿಯ ಕಟ್ಟೆಯ ಮೇಲಿಟ್ಟರೆ ಮನೆಗೆ ಸಿಡಿಲು ಬಡಿಯುವುದಿಲ್ಲವಂತೆ. ಅದರಿಂದ ಅಚ್ಚು ತೆಗೆದು, ಸೂಜಿಯಿಂದ ಗೆರೆಗಳ ಚುಕ್ಕಿ ಒಂದೊಂದಾಗಿ ಚುಚ್ಚಿ, ಜೇನುಬಣ್ಣಕ್ಕೆ ಬೇಯಿಸಿ, ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದೆ. ಬೆನ್ನಿಗೆ ಹೆಬ್ಬೆಟ್ಟು ಒತ್ತಲಿಲ್ಲ. ನಾನು ಯಾರಿಗೂ ತೋರಿಸದ ನನ್ನ ಶ್ರೇಷ್ಠ ಕೃತಿ.

ಜೂನ್ ೧೭, ಮಂಗಳವಾರ

ವಿಜಯ. ಐನಾರಜ್ಜ ಪ್ರತಿದಿನ ಬಂಡೆಯ ಬುಡದಲ್ಲಿ ಉರುಳಿಬಿದ್ದ ಬೀಚ್ ಜಾತಿಯ ಮರದ ಮೇಲೆ ಕೂತು ಬುತ್ತಿ ತಿನ್ನುತ್ತಾರೆ. ಅವರ ಬೂಟಿನ ಮುಂದೆ ಬರುವ ಜಾಗದಲ್ಲಿ ಕಲ್ಲನ್ನು ಅರ್ಧ ಹೂತಿಟ್ಟು ಬಂಡೆಯ ಮರೆಗೆ ಅಡಗಿದೆ. ಬಂದರು, ಕೂತರು, ರೈ ಬ್ರೆಡ್ ತಿಂದರು, ಬಗ್ಗಿದರು. ಎತ್ತಿದರು. ಅಂಗೈಯಲ್ಲಿಟ್ಟು ಎರಡು ಸಲ ಮೇಲಕ್ಕೆ ಎಸೆದು ಹಿಡಿದರು. ಜೇಬಿಗೆ ಹಾಕಿಕೊಂಡರು. ನಾನು ನಗು ತಡೆಯಲು ತೋಳು ಕಚ್ಚಿಕೊಂಡೆ. ಹಲ್ಲಿನ ಗುರುತು ಇನ್ನೂ ಇದೆ.

ಜೂನ್ ೨೦, ಶುಕ್ರವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಅತ್ತೆ ಸೇಬಿನ ಕೇಕ್ ಕೊಟ್ಟು ಎಲ್ಲೆನಜ್ಜಿಗೆ ತಲುಪಿಸಿ ಬಾ ಎಂದಳು. (ತಿನ್ನುವ ಕೇಕ್. ಬೇಯಿಸಿದ್ದು ನಾನೇ, ಸಾಕ್ಷಿ ಇದ್ದಾರೆ.) ಎಲ್ಲೆನಜ್ಜಿ ಐನಾರಜ್ಜನ ಹೆಂಡತಿ. ಸೊಂಟ ಕೈಕೊಟ್ಟ ಮೇಲೆ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ. ಬಾಗಿಲು ತೆರೆದರೆ ಕಿಟಕಿಯ ಕಟ್ಟೆಯ ಮೇಲೆ ನನ್ನ ಕಲ್ಲು ಕೂತಿದೆ. ಪಕ್ಕದಲ್ಲಿ ಹೂಕುಂಡ.

"ಕೂತ್ಕೋ ಕಂದ. ಅದನ್ನ ನೋಡ್ತಿದ್ದೀಯಾ? ನನ್ನ ಸಿಡಿಲುಗಲ್ಲು."

"ಚೆ... ಚೆನ್ನಾಗಿದೆ."

"ಅಮ್ಮ ಕೊಟ್ಟಿದ್ದು ಒಂದಿತ್ತು. ಒರೆಸೋಕೆ ಹೋಗಿ ಕಾಲ್ಮೇಲೆ ಹಾಕ್ಕೊಂಡೆ, ಬೆರಳು ಮುರೀತು. ಇಲ್ಲಿಯವರು ತಗೊಂಡು ಬೀರುವಿನಲ್ಲಿಟ್ಟು ಬೀಗ ಹಾಕ್ಬಿಟ್ರು. ಬೀರುವಿನಲ್ಲಿರೋ ಕಲ್ಲು ಸಿಡಿಲಿಗೆ ಕಾಣುತ್ತಾ, ನೀನೇ ಹೇಳು. ಅವತ್ತಿಂದ ಗುಡುಗಿದ್ರೆ ಕಂಬಳಿ ಒಳಗೆ ಕೂತಿರ್ತಿದ್ದೆ. ಐನಾರ್ ಬಂದು ಕೈ ಹಿಡ್ಕೊಳೋಣ ಅಂದ್ರೆ ಹೊತ್ತಲ್ಲದ ಹೊತ್ತಲ್ಲಿ ಒಳಗೆ ಬಿಡಲ್ಲ. ಇದು ಬಂದ ಮೇಲೆ ಬುಧವಾರ ಗುಡುಗಿತಲ್ಲ, ಗೊರಕೆ ಹೊಡೆದೆನಂತೆ. ನರ್ಸ್ ದೂರು ಕೊಟ್ಳು."

ನಕ್ಕರು. ನಾನೂ ಬಾಯಗಲಿಸಿದೆ. ಕನ್ನಡಿ ಇರಲಿಲ್ಲ, ಇದ್ದಿದ್ದರೆ ಹರಳೆಣ್ಣೆ ಕುಡಿದ ಮುಖ ಕಾಣುತ್ತಿತ್ತು.

ಜೂನ್ ೨೧, ಶನಿವಾರ

ಸಂತೆಯಲ್ಲಿ ಒಬ್ಬರು "ನಿಜವಾದ್ದಾ?" ಎಂದರು. "ಅಲ್ಲ, ಕ್ಲೇ" ಎಂದೆ. ತಿಮಿಂಗಿಲ ನೆನಪಾಗಲಿಲ್ಲ. ಆಯಾಸ ಇರಬೇಕು. ಆದರೂ ಅವರು ಕೊಂಡರು, ವಿಚಿತ್ರ ಜನ.

ಜೂನ್ ೨೨, ಭಾನುವಾರ

ಯುದ್ಧಮಂಡಳಿಯ ತುರ್ತು ಸಭೆ. ಹಾಜರಿದ್ದವರು: ನಾನು. ಆಯುಧವನ್ನು ಇಪ್ಪತ್ತಾರರಂದು ಬಳಸಿದರೆ ಮೇಜು ಉಳಿಯುತ್ತದೆ, ಆದರೆ ಬಂದರಿನ ನಗು ಸಂಜೆಯೊಳಗೆ ಆರೈಕೆ ಮನೆಗೆ ತಲುಪುತ್ತದೆ. ಬಳಸದಿದ್ದರೆ ಅತ್ತೆಗೆ ಮೀನಿನ ಡಬ್ಬಿ. ತಂತ್ರದ ದೃಷ್ಟಿಯಿಂದ ಮೊದಲು ಒಂದು ನಿಜವಾದ ಸಿಡಿಲುಗಲ್ಲು, ಸಣ್ಣದು (ಅತ್ತೆಯದು ಭಾರ, ಅಜ್ಜಿಯ ಬೆರಳು ಮತ್ತೆ ಮುರಿದೀತು), ಹುಡುಕಿ ಗುಟ್ಟಾಗಿ ಬದಲಾಯಿಸುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಹೃದಯದ ಪ್ರಶ್ನೆ ಇಲ್ಲಿ ಬರುವುದಿಲ್ಲ. ಶುದ್ಧ ತಂತ್ರ.

ಗೆಳತಿ ಸೋಲ್ವೈ ಫೋನ್ ಮಾಡಿದ್ದಳು. ಮುಂದಿನ ವಾರದ ಸಂಗೀತೋತ್ಸವಕ್ಕೆ ಟಿಕೆಟ್ ಇದೆ, ಬಾ, ಡೇರೆಗಳ ಹಗ್ಗ ಅದಲು ಬದಲು ಮಾಡೋಣ ಎಂದಳು. ಓವನ್ನಿನಲ್ಲಿ ಓಲೆಗಳಿದ್ದವು, ಮತ್ತೆ ಮಾತಾಡುತ್ತೇನೆ ಎಂದು ಇಟ್ಟೆ.

ಜೂನ್ ೨೪, ಮಂಗಳವಾರ

ನಿನ್ನೆ ನಡುಬೇಸಿಗೆಯ ಹಬ್ಬದ ರಾತ್ರಿ, ಸಂತ ಹಾನ್ಸನ ಬೆಂಕಿಯ ಸುತ್ತ ಊರೆಲ್ಲ ಕಡಲದಂಡೆಯಲ್ಲಿ ಹಾಡುತ್ತಿದ್ದರೆ ನಾನು ಕಾಲಡಿಯ ಕಲ್ಲು ನೋಡುತ್ತಿದ್ದೆ. ಇವತ್ತು ಬೆಳಿಗ್ಗೆಯೂ ಅದೇ. ಬೆನ್ನು ಬಿದ್ದುಹೋಯಿತು. ಕಡ್ಡಿಯಂಥ ಪಳೆಯುಳಿಕೆಗಳು, ಚಿಪ್ಪಿನ ಚೂರು, ಬಾಟಲಿಯ ಗಾಜು ಎಲ್ಲ ಸಿಕ್ಕವು. ಐದು ಗೆರೆಯದು ಮಾತ್ರ ಇಲ್ಲ.

"ಅಲ್ಲಲ್ಲ. ನೀರು ಈಗಷ್ಟೇ ಹಿಂದೆ ಸರಿದ ಕಡೆ ನೋಡ್ಬೇಕು" ಎಂದಿತು ಒಂದು ಧ್ವನಿ. ಐನಾರಜ್ಜ ಮರದ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದರು. "ಏನು ಹುಡುಕ್ತಿದ್ದೀಯ?"

"ಸಿಡಿಲುಗಲ್ಲು."

"ಅಂಥದ್ದನ್ನ ನೀನೇ ಬೇಯಿಸ್ತೀಯಲ್ಲ?"

ಕೈಯಲ್ಲಿದ್ದ ಬಾಟಲಿಯ ಗಾಜನ್ನು ಮರಳಿಗೆ ಬಿಟ್ಟೆ.

"ಬಂಡೆ ಹಿಂದೆ ಅಡಗಿ ಕೂರೋರು ಕೆಂಪು ಟೋಪಿ ಹಾಕ್ಬಾರ್ದಮ್ಮ. ದೋಣಿಯವರಿಗೂ ಕಾಣ್ತಿತ್ತು."

"ಟೋಪಿ ನೋಡಿ ಗೊತ್ತಾಯ್ತಾ?"

"ಟೋಪಿ ಆಮೇಲೆ ನೋಡಿದ್ದು. ಎತ್ತಿದ ತಕ್ಷಣ ಗೊತ್ತಾಯ್ತು. ಕಲ್ಲಿನ ತೂಕ ಕೈಗೆ ಗೊತ್ತಿರುತ್ತೆ. ಇದು ಹತ್ತಿ ಹಾಗೆ ಮೇಲೆ ಬಂತು."

"ಹಾಗಾದ್ರೆ ಯಾಕೆ ಎಲ್ಲೆನಜ್ಜಿಗೆ ಕೊಟ್ರಿ?"

ಬ್ರೆಡ್ಡಿನ ಕೊನೆಯ ತುಂಡನ್ನು ನಿಧಾನವಾಗಿ ಅಗಿದರು. "ಹತ್ತಿ ಹಾಗಿತ್ತಲ್ಲ, ಅದಕ್ಕೇ. ಇದು ಕಾಲ್ಮೇಲೆ ಬಿದ್ರೂ ಬೆರಳು ಉಳಿಯುತ್ತೆ. ಬೋದಿಲ್‌ಳ ತಮ್ಮನ ಮಗಳು ಬೇಯಿಸಿದ್ದು, ಕಲ್ಲಲ್ಲ ಅಂತ ಹೇಳೇ ಕೊಟ್ಟೆ. ಸಿಡಿಲು ಮೋಸ ಹೋಗುತ್ತಾ ಅಂತ ನಾನು ಕೇಳಿದ್ದಕ್ಕೆ, ಅಷ್ಟು ಮೇಲಿಂದ ನೋಡೋರಿಗೆ ಏನು ಗೊತ್ತಾಗುತ್ತೆ ಬಿಡು ಅಂದ್ಲು."

ಅಂದರೆ ಶುಕ್ರವಾರ ಆ ಅಜ್ಜಿ ನನ್ನ ಮುಖ ನೋಡುತ್ತಲೇ ಆ ಕಥೆಯನ್ನೆಲ್ಲ ಹೇಳಿದ್ದರು. ನಾನು ಈ ದ್ವೀಪದ ಎರಡನೇ ದರ್ಜೆಯ ತುಂಟಿ.

"ಗುರುವಾರ ಅತ್ತೆಯ ಮೇಜು..." ಎಂದು ಶುರುಮಾಡಿದೆ.

"ಅದು ಬೇರೆ ಮಾತು" ಎಂದು ಎದ್ದರು. "ಎಲ್ಲೆನ್‌ಗೆ ಹೇಳಿ ಕೊಟ್ಟೆ. ಸಂತೆಗೆ ಬರೋರಿಗೆ ಹೇಳೋರ್ಯಾರು? ತಿಮಿಂಗಿಲನಾ?"

ಈಗ ನನ್ನ ಬಳಿ ಆಯುಧವೂ ಇಲ್ಲ.

ಜೂನ್ ೨೫, ಬುಧವಾರ

ಅತ್ತೆ ಎಡಗೈಯಲ್ಲಿ ಭಾಷಣ ಬರೆದು ಹರಿದು ಹಾಕಿದಳು. ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಜೂನ್ ೨೬, ಗುರುವಾರ

ಸಭೆ ಹೊಗೆಮನೆಯ ಮಾಳಿಗೆಯಲ್ಲಿ. ಎಲ್ಲರ ಬಟ್ಟೆಗೂ ಮೀನಿನ ವಾಸನೆ. ಕಾಲುಚೀಲದವರು, ಮೀನಿನವರು, ಜೇನಿನವರು ಎಲ್ಲರೂ ಉಳಿದರು. ನಮ್ಮ ಸರದಿ ಬಂದಾಗ ಐನಾರಜ್ಜ ಎದ್ದು, "ಕೊಂಡುಕೊಳ್ಳೋರಿಗೆ ಏನು ಕೊಳ್ತಿದ್ದೀವಿ ಅಂತ ಗೊತ್ತಿರಬೇಕು. ನನ್ನ ತಕರಾರು ಅಷ್ಟೇ" ಎಂದು ಕೂತರು. ಅತ್ತೆ ಎದ್ದಳು. ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ನಿನ್ನೆ ಹರಿದುಹಾಕಿದ ಭಾಷಣವನ್ನು ಎಡಗೈಯಿಂದ ಜೇಬಿನಲ್ಲಿ ಹುಡುಕಿ ಮತ್ತೆ ಕೂತುಬಿಟ್ಟಳು.

ಆಗ ನಾನು ಎದ್ದೆ. ಏನು ಹೇಳಿದೆ ಎಂದು ಸರಿಯಾಗಿ ನೆನಪಿಲ್ಲ. ಚೀಲದಿಂದ ಒಂದು ಸುರುಳಿ ತೆಗೆದು ಕೈಯಿಂದ ಕೈಗೆ ದಾಟಿಸಿದೆ. ಬೂದು ಚುಕ್ಕಿ ಕಾಳುಮೆಣಸು ಎಂದೆ. ಜೇನುಬಣ್ಣ ಓವನ್ನಿನ ಹಿಂಬದಿಯ ಎಡಮೂಲೆಯಲ್ಲಿ ಹೇಗೆ ಬರುತ್ತದೆ, ಯಾವಾಗ ತೆಗೆಯದಿದ್ದರೆ ಇದ್ದಿಲಾಗುತ್ತದೆ ಎಂದೆಲ್ಲ ಹೇಳಿದೆ. ಅತ್ತೆ ಕಲಿಸಿದ್ದು ಯಾವುದು, ನಾನು ಸುಟ್ಟು ಕಲಿತದ್ದು ಯಾವುದು ಹೇಳಿದೆ. ಬೆನ್ನು ತಿರುಗಿಸಿ, ಇದು ನನ್ನ ಹೆಬ್ಬೆಟ್ಟು, ಹಳೆಯವುಗಳ ಮೇಲಿರೋದು ಅತ್ತೆಯದು ಎಂದೆ. ಕಾಳುಮೆಣಸಿನ ವಿಷಯ ಮೂರು ಸಲ ಹೇಳಿದೆನಂತೆ. ಮೀನಿನವರು ಮೂಸಿಯೂ ನೋಡಿದರು.

ಕೂತಾಗ ಅತ್ತೆ ಪಿಸುಗುಟ್ಟಿದಳು, "ಕತ್ತೆ, ಕಸುಬಿನ ಗುಟ್ಟೆಲ್ಲ ಊರಿಗೆ ಹಂಚಿಬಿಟ್ಯಲ್ಲೇ."

ಐನಾರಜ್ಜ ಸುರುಳಿಯನ್ನು ಅಂಗೈಯಲ್ಲಿ ಎರಡು ಸಲ ಎಸೆದು ಹಿಡಿದರು.

"ಮೋಸಗಾರರು ಅಡುಗೆ ಹೇಳ್ಕೊಡಲ್ಲ" ಎಂದರು. "ಮೇಜು ಇರಲಿ. ಆದ್ರೆ ಕಾಲುಚೀಲದ ಪಕ್ಕ ಬೇಡ, ನನ್ನ ಪಕ್ಕ ಹಾಕ್ಲಿ. ಬಂದೋರೆಲ್ಲ ಒಂದು ಕೈಲಿ ಅದು, ಇನ್ನೊಂದು ಕೈಲಿ ಇದು ಎತ್ತಿ ನೋಡ್ಲಿ. ಆಮೇಲೆ ಯಾವುದು ಬೇಕೋ ಕೊಳ್ಳಲಿ."

ಎಲ್ಲರೂ ಕೈ ಎತ್ತಿದರು. ಅತ್ತೆ ಸಂಭ್ರಮದಲ್ಲಿ ಪ್ಲಾಸ್ಟರಿನ ಕೈಯನ್ನೇ ಎತ್ತಿ "ಅಯ್ಯೋ" ಎಂದಳು.

ಮೆಟ್ಟಿಲಿಳಿಯುವಾಗ ನನ್ನ ತಲೆಯ ಮೇಲೆ ಒಂದು ಹೊಡೆದಳು. ಮೆಲ್ಲಗೆ. ಮನೆಗೆ ಬರುವ ತನಕ ಅವಳ ಎಡಗೈ ನನ್ನ ಭುಜದ ಮೇಲೇ ಇತ್ತು, ಸಮತೋಲನಕ್ಕಾಗಿ ಇರಬೇಕು.

ಜೂನ್ ೨೮, ಶನಿವಾರ

ಬಿಸಿಲು, ಜನವೋ ಜನ. ಐನಾರಜ್ಜನ ಪಕ್ಕ ನಿಲ್ಲುವುದು ಸುಲಭವಲ್ಲ. ಬಂದ ಪ್ರತಿಯೊಬ್ಬರಿಗೂ "ಎತ್ತಿ ನೋಡಿ, ಎತ್ತಿ ನೋಡಿ" ಎನ್ನುತ್ತಾರೆ, ತಮ್ಮ ಕಲ್ಲು ಭಾರವಿದೆ ಎಂದು ಗಿರಾಕಿ ಒಪ್ಪುವ ತನಕ ಬಿಡುವುದಿಲ್ಲ. ನಾನೂ ಬಿಡಲಿಲ್ಲ.

"ಕಿವಿಗೆ ನೇತುಹಾಕ್ಕೊಳೋರು ಯಾವುದು ಕೊಳ್ತಾರಜ್ಜ, ನಿಮ್ದಾ ನಮ್ದಾ?"

"ಕಿವಿ ಇದ್ದೋರಿಗೆ ತಲೆಯೂ ಇರುತ್ತಮ್ಮ."

ಎಲ್ಲೆನಜ್ಜಿ ಹೇಳಿಕಳಿಸಿದ್ದಾರೆ, ಪಕ್ಕದ ಕೋಣೆಯವರಿಗೂ ಒಂದು ಸಿಡಿಲುಗಲ್ಲು ಬೇಕಂತೆ. ಅವರಿಗೆ ಗುಡುಗಿನ ಭಯವಿಲ್ಲ, ಎಲ್ಲೆನಜ್ಜಿಯ ಬಳಿ ಇದೆ ಎಂಬ ಹೊಟ್ಟೆಕಿಚ್ಚು. ಸೋಲ್ವೈಗೆ ಸಂಗೀತೋತ್ಸವಕ್ಕೆ ಬರಲಾಗುವುದಿಲ್ಲ ಎಂದು ತಿಳಿಸಿದೆ. ಹುಷಾರಿಲ್ಲವಾ ಎಂದು ಕೇಳಿದ್ದಾಳೆ.

ಮಧ್ಯಾಹ್ನ ಒಂದು ಪುಟ್ಟ ಹುಡುಗಿ ಬಂದಳು. ಮುಂದಿನ ಹಲ್ಲಿಲ್ಲ, ಕೈತುಂಬ ಐಸ್‌ಕ್ರೀಮಿನ ಅಂಟು. ಒಂದು ಅಂಗೈಯಲ್ಲಿ ಐನಾರಜ್ಜನ ಕಲ್ಲು, ಇನ್ನೊಂದರಲ್ಲಿ ನನ್ನದು ಇಟ್ಟುಕೊಂಡು ಕಣ್ಣು ಮುಚ್ಚಿ ತೂಗಿದಳು. ನಾನು ಉಸಿರು ಬಿಗಿಹಿಡಿದಿದ್ದೆ. ಐನಾರಜ್ಜನೂ.

"ಇದನ್ನ ಯಾರು ಮಾಡಿದ್ದು?"

"ನಾನು" ಎಂದೆ.

"ಇದನ್ನ?"

"ಸಮುದ್ರ" ಎಂದರು ಐನಾರಜ್ಜ. "ಏಳು ಕೋಟಿ ವರ್ಷ ಹಿಡೀತು."

"ನಿಂಗೆ?"

"ಒಂದು ಮಧ್ಯಾಹ್ನ."

ಹುಡುಗಿ ಗಂಭೀರವಾಗಿ ಯೋಚಿಸಿದಳು. "ಹಾಗಾದ್ರೆ ಸಮುದ್ರ ಸೋಮಾರಿ" ಎಂದು ನನ್ನದನ್ನು ಎದೆಗವಚಿಕೊಂಡು, ಅಮ್ಮನನ್ನು ಕರೆಯಲು ಓಡಿದಳು.

ಐನಾರಜ್ಜ ತಿರುಗಿ ಸಮುದ್ರದ ಕಡೆ ಮುಖಮಾಡಿ ನಿಂತರು. ಭುಜ ಮಾತ್ರ ಕುಲುಕುತ್ತಿತ್ತು. ಕೆಮ್ಮು ಎಂದು ಆಮೇಲೆ ಹೇಳಿದರು.

ಅವರು ಕೆಮ್ಮುತ್ತಿದ್ದಾಗ ಅವರ ಮೇಜಿನಿಂದ ಒಂದು ಸಿಡಿಲುಗಲ್ಲನ್ನು ಎತ್ತಿಕೊಂಡು ನೋಡಿದೆ. ಅದರ ಒಂದು ಗೆರೆ ನೆತ್ತಿಯಿಂದ ನೇರ ಇಳಿಯದೆ ನಡುವೆ ಒಂಚೂರು ಸೊಟ್ಟಗಾಗಿದೆ, ಬದುಕಿದ್ದಾಗ ಯಾವುದೋ ಮೀನು ಕಚ್ಚಿ ಮತ್ತೆ ಬೆಳೆದ ಹಾಗೆ. ನನ್ನವೆಲ್ಲ ತೀರಾ ನೆಟ್ಟಗಿವೆ. ನಾಳೆ ಸೂಜಿಯನ್ನು ಸ್ವಲ್ಪ ಓರೆ ಹಿಡಿದು ನೋಡಬೇಕು.